ಕಾಲಿಗೆ ಸ್ಪ್ರಿಂಗು ಕಟ್ಟಿದವನನ್ನು ಅಣ್ಣನಿಗೆ ತೋರಿಸಿದ್ದು

ಬೆರ್ರಿಯೆಸಾ

ಪಿಸುಮಾತು ನನಗೆ ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಏಕೆಂದರೆ ಅಮೆರಿಕದಲ್ಲಿ ನನಗಾದ ಅವಮಾನಕ್ಕೂ ಸಂತೋಷಕ್ಕೂ ಇದೇ ಕಾರಣ. ಹುಬ್ಬಳ್ಳಿಯ ಬಸ್ ನಿಲ್ದಾಣದಲ್ಲಿ ಇಪ್ಪತ್ತೆಂಟು ವರ್ಷ ಮೈಕಿನ ಮುಂದೆ ಕೂತು, ಯಾವ ಬಸ್ಸು ಬಂತು, ಯಾವ ಬಸ್ಸು ಹೊರಟಿತು ಎಂದು ಹೇಳಿದವಳು ನಾನು. ಮೈಕು ಕೆಟ್ಟ ದಿನ ಬರೀ ಬಾಯಲ್ಲೇ ಹೇಳಿದ್ದೂ ಉಂಟು. ಆಗಲೂ ಕೊನೆಯ ಪ್ಲಾಟ್‌ಫಾರ್ಮಿನವರು ಕೇಳಿಸಿಕೊಂಡು ಓಡಿ ಬಂದಿದ್ದಾರೆ. ನಿವೃತ್ತಳಾಗಿ ಮೂರು ವರ್ಷವಾಯಿತು. ಈಗಲೂ ನಾನು ಅಡುಗೆಮನೆಯಲ್ಲಿ ಉಪ್ಪು ಎಲ್ಲಿ ಎಂದರೆ ಪಕ್ಕದ ಮನೆಯವರು ತಂದುಕೊಡುತ್ತಾರೆ.

ಅಣ್ಣ ನನಗಿಂತ ಹನ್ನೆರಡು ವರ್ಷ ದೊಡ್ಡವನು. ಸೇತುವೆಗಳ ಲೆಕ್ಕ ಹಾಕುವ ಇಂಜಿನಿಯರು. ವೈನಿಯನ್ನು, ಎಂದರೆ ನನ್ನ ಅತ್ತಿಗೆಯನ್ನು, ಕರೆದುಕೊಂಡು ಅಮೆರಿಕಕ್ಕೆ ಹೋಗಿ ನಲವತ್ತು ವರ್ಷ ಅಲ್ಲೇ ದುಡಿದು, ಈಗ ಬೆರ್ರಿಯೆಸಾದಲ್ಲಿ ಮನೆ ಮಾಡಿಕೊಂಡಿದ್ದಾನೆ. ಎರಡು ವರ್ಷದಿಂದ ಅವನ ಕಣ್ಣು ಕೈಕೊಟ್ಟಿದೆ. ನಡುವಿನ ನೋಟ ಹೋಗಿ ಅಂಚಿನದು ಮಾತ್ರ ಉಳಿದಿದೆ, ಅದೂ ದಿನೇದಿನೇ ಮಸುಕಾಗುತ್ತಿದೆ. ಎದುರಿಗೆ ಕೂತ ನನ್ನ ಕಿವಿ ಕಾಣುತ್ತದಂತೆ, ಮುಖ ಕಾಣುವುದಿಲ್ಲ. ಇದು ತಿಳಿದೇ ನಾನು ಅವನನ್ನು ನೋಡಲು ಹೋದದ್ದು. ಹೋದ ಮೊದಲ ದಿನವೇ ಅಣ್ಣ ನನ್ನ ಹತ್ತಿರ ಒಂದು ಮಾತು ಆಡಿದ.

"ಕಾಣೂದಿಲ್ಲ ಅನ್ನೂದು ರೂಢಿ ಆಗ್ತದವಾ ಕಮಲಾ. ಆದ್ರ ನೋಡಿದ್ದೆಲ್ಲಾ ಮರತ ಹೋದ್ರ? ಮೊನ್ನೆ ಅವ್ವನ ಮಾರಿ ನೆನಪ ಮಾಡ್ಕೊಳ್ಳಾಕ ಹೋದ್ರ ನಡುವ ಬರೇ ಬೂದಿ ಬಣ್ಣ ಬಂತು. ಅದಕ್ಕ ಅಂಜಿಕಿ ಬರ್ತದ."

ಜನ್ಮದಲ್ಲಿ ಅಂಜಿಕೆ ಎಂಬ ಪದವನ್ನೇ ಬಳಸದ ಮನುಷ್ಯ ಅವನು. ನಾನು ಚಹಾ ಮಾಡಲು ಎದ್ದು ಹೋದೆ.

ಅದಾದ ವಾರಕ್ಕೆ ವೈನಿ ಊರಿನ ಲೈಬ್ರರಿಯಿಂದ ಒಂದು ಕಾಗದ ತಂದರು. ಬರ್ಕ್ಲಿಯ ಒಂದು ಸಣ್ಣ ಥಿಯೇಟರಿನಲ್ಲಿ ಹಳೆಯ ಝೆಕ್ ಕಾರ್ಟೂನ್ ಚಿತ್ರಗಳನ್ನು ತೋರಿಸುತ್ತಾರಂತೆ. ವೈನಿ ಪಟ್ಟಿ ಓದುತ್ತ ಹೋದರು. ಮೂರನೆಯದರ ವಿವರ ಬಂದಾಗ ಅಣ್ಣ ಕುರ್ಚಿಯಿಂದ ಎದ್ದೇ ನಿಂತ. "ಅದs! ಅದs ಅದು! ಮಾರಿಗೆ ಕರೇ ಅರಿವಿ, ಕಾಲಿಗೆ ಸ್ಪ್ರಿಂಗು!"

ನನಗೂ ಮೈ ಜುಮ್ಮೆಂದಿತು. ಆ ಸಿನಿಮಾ ನಾನು ಕಂಡಿಲ್ಲ, ಆದರೆ ನನ್ನಷ್ಟು ಚೆನ್ನಾಗಿ ಅದನ್ನು ಬಲ್ಲವರು ಕರ್ನಾಟಕದಲ್ಲಿ ಇರಲಿಕ್ಕಿಲ್ಲ. ನನಗೆ ಏಳು ವರ್ಷವಾಗಿದ್ದಾಗ ಗದಗಿನ ನಮ್ಮ ಮನೆಯ ಅಟ್ಟದ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡಿದ್ದೆ. ಬೇಸಿಗೆಯಲ್ಲಿ ಸೊಂಟದವರೆಗೆ ಪ್ಲಾಸ್ಟರು. ಅಣ್ಣ ಧಾರವಾಡದಲ್ಲಿ ಓದುತ್ತಿದ್ದ. ಅಲ್ಲಿ ಕಾಲೇಜಿನ ಹುಡುಗರು ಗೋಡೆಗೆ ಹಾಸಿಗೆಯ ಚಾದರ ಕಟ್ಟಿ ಪರದೇಶದ ಸಿನಿಮಾ ತೋರಿಸುತ್ತಿದ್ದರು. ಆಗೆಲ್ಲ ನಮ್ಮ ಓಣಿಯಲ್ಲಿ ಒಬ್ಬರು ಸಿನಿಮಾ ನೋಡಿದರೆ ಹತ್ತು ಜನ ಅದನ್ನು ಕೇಳುತ್ತಿದ್ದರು. ನೋಡಿ ಬಂದವರು ಕಟ್ಟೆಯ ಮೇಲೆ ಕೂತು ಹಾಡು, ಹೊಡೆದಾಟ ಒಂದನ್ನೂ ಬಿಡದೆ ಹೇಳಬೇಕು, ಕೇಳಿದವರು ಅವರಿಗೆ ಚುರುಮುರಿ ಕೊಡಿಸಬೇಕು. ಆ ಪದ್ಧತಿಯಂತೆ ಅಣ್ಣ ಪ್ರತಿ ಶನಿವಾರ ಬಂದು ನನ್ನ ಹಾಸಿಗೆಯ ಪಕ್ಕ ಕೂತು ಈ ಸಿನಿಮಾ ಹೇಳಿದ. ಕಾಲು ಗಂಟೆಯೂ ಇಲ್ಲದ ಚಿತ್ರವನ್ನು ಪ್ಲಾಸ್ಟರು ತೆಗೆಯುವವರೆಗೂ ಎಳೆದ.

ಮುಖವಾಡದವನು ಮಾಳಿಗೆಯಿಂದ ಮಾಳಿಗೆಗೆ ಜಿಗಿಯುತ್ತಾನೆ. ಊರನ್ನು ಹಿಡಿದುಕೊಂಡ ಸೈನಿಕರು ಬೆನ್ನು ಹತ್ತುತ್ತಾರೆ. ಇನ್ನೇನು ಸಿಕ್ಕಿಬಿದ್ದ ಅನ್ನುವಾಗ ಅಟ್ಟದ ಕಿಟಕಿಯಲ್ಲಿ ಒಬ್ಬ ಹುಡುಗಿ ಕಾಣಿಸಿಕೊಳ್ಳುತ್ತಾಳೆ. ಅವಳ ಕಾಲಿಗೂ ಪ್ಲಾಸ್ಟರು. ಅವಳು ತೆವಳಿಕೊಂಡು ಬಂದು ಕಿಟಕಿ ತೆಗೆದು ಅವನನ್ನು ಉಳಿಸುತ್ತಾಳೆ. ಆ ಹುಡುಗಿಗಾಗಿ ನಾನು ಎಷ್ಟೋ ಶನಿವಾರ ಕಾದಿದ್ದೇನೆ.

"ಕಂಪ್ಯೂಟರಿನ್ಯಾಗ ಹುಡುಕೋಣಲ್ಲ," ಎಂದರು ವೈನಿ.

"ಅಷ್ಟ ಸಣ್ಣದರಾಗ ನನಗೇನ ಕಾಣ್ತದ? ದೊಡ್ಡ ಪರದೇದಾಗ ಆದ್ರ ಅಂಚಿನ್ಯಾಗ ಏನರ ಜಿಗದದ್ದು ಗೊತ್ತಾದೀತು. ಉಳದದ್ದು ಇಕಿ ಹೇಳ್ತಾಳ," ಎಂದು ಅಣ್ಣ ನನ್ನ ಕಿವಿಯ ಕಡೆ ಬೆರಳು ಮಾಡಿದ.

ಅಲ್ಲಿಂದ ಶುರುವಾಯಿತು ನನ್ನ ತರಬೇತಿ. ಇಂಜಿನಿಯರನ ತರಬೇತಿ ಎಂದರೆ ದೇವರೇ ಗತಿ. "ಚೆಂದ ಅದ ಅಂತ ಹೇಳಬ್ಯಾಡ, ಏನದ ಅದನ್ನ ಹೇಳು. ಗಡಿಯಾರದ ಲೆಕ್ಕದಾಗ ದಿಕ್ಕು ಹೇಳು. ಮ್ಯಾಲೆ ಹನ್ನೆರಡು, ಬಲಕ್ಕ ಮೂರು, ಎಡಕ್ಕ ಒಂಬತ್ತು." ನಾನು ಹತ್ತಿರದ ಫ್ರೀಮಾಂಟಿನ ಭಾರತೀಯ ಗ್ರೋಸರಿ ಅಂಗಡಿಯಲ್ಲಿ ನಿಂತು "ಹತ್ತು ಗಂಟೆಗೆ ಬದನೇಕಾಯಿ, ಎರಡು ಗಂಟೆಗೆ ಹೀರೇಕಾಯಿ" ಎಂದು ಹೇಳುತ್ತಿದ್ದರೆ ಪಕ್ಕದಲ್ಲಿದ್ದ ಹೆಂಗಸು ತನ್ನ ಕೈಗಡಿಯಾರ ನೋಡಿಕೊಂಡಳು. ನೋಡಿದ್ದನ್ನು ಹೇಳುವುದು ಬೇಗ ಕೈ ಹತ್ತಿತು. ಪಿಸುಗುಡುವುದು ಮಾತ್ರ ಹತ್ತಲಿಲ್ಲ. ಸೋಫಾದಲ್ಲಿ ಅವನ ಕಿವಿಗೆ ಬಾಯಿ ಹಚ್ಚಿ ಹೇಳಿದರೂ ಹಿತ್ತಲಲ್ಲಿ ಬಟ್ಟೆ ಮಡಚುತ್ತಿದ್ದ ವೈನಿ, "ನನಗೂ ಕೇಳಸ್ತು," ಎನ್ನುತ್ತಿದ್ದರು.

ಫ್ರೀಮಾಂಟ್

ಸಿನಿಮಾದ ದಿನ ವೈನಿ ನಮ್ಮನ್ನು ಸ್ಟೇಷನ್ನಿಗೆ ಬಿಟ್ಟು, ಸಂಜೆ ಅಲ್ಲೇ ಕಾಯುತ್ತೇನೆಂದರು. ಕಾರ್ಟೂನಿಗಾಗಿ ಅರ್ಧ ದಿನ ಕುರ್ಚಿಯಲ್ಲಿ ಕೂರುವ ಹುಚ್ಚು ತಮಗಿಲ್ಲವಂತೆ. ಬೆರ್ರಿಯೆಸಾ ಆ ಮಾರ್ಗದ ಕೊನೆಯ ನಿಲ್ದಾಣ. ರೈಲು ಅಲ್ಲಿಂದಲೇ ಹೊರಡುವುದರಿಂದ ಕಿಟಕಿ ಪಕ್ಕದ ಸೀಟು ಸಿಕ್ಕಿತು.

ರೈಲಿನೊಳಗೆ ಪ್ರಕಟಣೆ ಮಾಡುತ್ತಿದ್ದವನ ಕೆಲಸ ನನಗೆ ಸ್ವಲ್ಪವೂ ಹಿಡಿಸಲಿಲ್ಲ. ಬಾಯಲ್ಲಿ ಎಲೆಯಡಿಕೆ ಇಟ್ಟುಕೊಂಡವನ ಹಾಗೆ ನಿಲ್ದಾಣದ ಹೆಸರು ನುಂಗಿಬಿಡುತ್ತಿದ್ದ. "ಊರಿನ ಹೆಸರಿಗಿಂತ ಮೊದಲು ಒಂದು ಉಸಿರು ಬಿಡಬೇಕು, ಅಷ್ಟೂ ಗೊತ್ತಿಲ್ಲ ಇವನಿಗೆ," ಎಂದು ನಾನು ಅಣ್ಣನಿಗೆ ಹೇಳಿದೆ. ಪಿಸುಮಾತಿನಲ್ಲಿ ಎಂದು ನಾನು ತಿಳಿದಿದ್ದೆ.

ಫ್ರೀಮಾಂಟಿನಲ್ಲಿ ಹತ್ತಿ ಎರಡು ಸಾಲು ಆಚೆ ಕೂತಿದ್ದ ಒಬ್ಬರು ತಟ್ಟನೆ ತಿರುಗಿ ನೋಡಿದರು. ಐವತ್ತರ ಆಸುಪಾಸಿನವರು, ತಲೆಯ ಮೇಲೆ ಬಿಳಿ ಟೋಪಿ, ಕೈಯಲ್ಲಿ ಔಷಧಿಯ ಚೀಲ. ಎದ್ದು ಬಂದರು.

"ತಪ್ಪ ತಿಳೀಬ್ಯಾಡ್ರಿ ಬಾಯಾರೇ. ನೀವು ಹುಬ್ಬಳ್ಳಿ ಬಸ್‌ಸ್ಟ್ಯಾಂಡಿನ್ಯಾಗ ಮೈಕಿನ್ಯಾಗ ಹೇಳ್ತಿದ್ರೆಲ್ಲಾ, ಅವರs ಹೌದಲ್ರೀ?"

ಇಪ್ಪತ್ತೆಂಟು ವರ್ಷದಲ್ಲಿ ನನ್ನ ಮುಖ ನೋಡಿ ಯಾರೂ ಗುರುತು ಹಿಡಿದಿರಲಿಲ್ಲ. ಆ ಮನುಷ್ಯ ಸವಣೂರಿನವರು, ಹುಬ್ಬಳ್ಳಿಯಲ್ಲಿ ಓದಿ, ಈಗ ಫ್ರೀಮಾಂಟಿನಲ್ಲಿ ಟೈಲ್ಸ್ ವ್ಯಾಪಾರ ಮಾಡುತ್ತಾರಂತೆ.

"ಶನಿವಾರ ಸಂಜಿಮುಂದ ನಿಮ್ಮ ದನಿ ಬಂತಂದ್ರ ನಮಗ ಊಟ ಅರ್ಧಕ್ಕ ಬಿಟ್ಟ ಓಡೂದಿತ್ರಿ. ಈಗ ಕೇಳಿದ್ರೂ ಕಾಲು ತಾವs ಓಡಾಕ ನೋಡ್ತಾವ. ಒಮ್ಮಿ ನಮ್ಮ ಬಸ್ಸು ಹೇಳ್ರಲಾ."

ನನಗೆ ನಾಚಿಕೆಯಾಯಿತು ಎಂದು ಬರೆದರೆ ಸುಳ್ಳಾದೀತು. ಎದ್ದು ನಿಂತು ಸೆರಗು ಸರಿಮಾಡಿಕೊಂಡು ಹೇಳಿಯೇಬಿಟ್ಟೆ: "ಪ್ರಯಾಣಿಕರ ಗಮನಕ್ಕೆ. ಶಿಗ್ಗಾಂವಿ ಮಾರ್ಗವಾಗಿ ಸವಣೂರಿಗೆ ಹೋಗುವ ವಾಹನವು ಪ್ಲಾಟ್‌ಫಾರ್ಮ್ ನಂಬರ್ ಆರರಲ್ಲಿ ನಿಂತಿದ್ದು, ಇನ್ನು ಕೆಲವೇ ಕ್ಷಣಗಳಲ್ಲಿ ಹೊರಡಲಿದೆ." ಡಬ್ಬಿಯ ತುಂಬ ಜನ ಫೋನಿನಿಂದ ತಲೆ ಎತ್ತಿದರು. ಸವಣೂರಿನವರು ಎದೆಯ ಮೇಲೆ ಕೈ ಇಟ್ಟುಕೊಂಡು ನಿಂತಿದ್ದರು. ಅವರ ಕಣ್ಣು ತೇವವಾಗಿತ್ತು.

ಅಣ್ಣ ನಕ್ಕು ನಕ್ಕು ಕೆಮ್ಮಿದ. ಆಮೇಲೆ ತಲೆ ಕೈಯಲ್ಲಿ ಹಿಡಿದುಕೊಂಡು, "ಇದೇ ದನಿ ಥಿಯೇಟರಿನ್ಯಾಗ ಬಂತಂದ್ರ ನಮ್ಮನ್ನ ಹೊರಗ ಹಾಕ್ತಾರವಾ," ಎಂದ.

ಬರ್ಕ್ಲಿ

ಥಿಯೇಟರು ನಮ್ಮೂರಿನ ಕಲ್ಯಾಣ ಮಂಟಪದ ಊಟದ ಹಾಲಿನಷ್ಟು ಇತ್ತು. ಜನ ಬಂದು ಸದ್ದಿಲ್ಲದೆ ಕೂತರು. ಮಾತಿಲ್ಲ, ಸೀಟಿಯಿಲ್ಲ, ಒಬ್ಬರ ಕೂಸೂ ಅಳಲಿಲ್ಲ. ನನಗೆ ಪರೀಕ್ಷೆಯ ಕೋಣೆಗೆ ಬಂದಂತಾಯಿತು.

ಮೊದಲು ಥಿಯೇಟರಿನ ವ್ಯವಸ್ಥಾಪಕಿ ನಿಂತು ನಾಲ್ಕು ಮಾತಾಡಿದಳು. ಅಣ್ಣ ನನಗೆ ಕನ್ನಡದಲ್ಲಿ ಹೇಳುತ್ತ ಹೋದ. ಯುದ್ಧದ ಕಾಲದಲ್ಲಿ ಪ್ರಾಗ್ ನಗರ ಜರ್ಮನ್ ಸೈನ್ಯದ ಕೈಯಲ್ಲಿತ್ತು. ಆಗ ಜನ ಮನೆಯೊಳಗೆ ಬಾಗಿಲು ಹಾಕಿಕೊಂಡು, ಸ್ಪ್ರಿಂಗು ಕಟ್ಟಿಕೊಂಡ ಒಬ್ಬ ಮುಖವಾಡದವನು ಗೋಡೆ ಹಾರಿ ಸೈನಿಕರನ್ನು ಗೋಳುಹೊಯ್ದುಕೊಳ್ಳುತ್ತಾನೆ ಎಂದು ಹೇಳಿಕೊಳ್ಳುತ್ತಿದ್ದರಂತೆ. ಅವನನ್ನು ಕಂಡವರು ಯಾರೂ ಇಲ್ಲ, ಕಂಡವರನ್ನು ಕಂಡವರೇ ಎಲ್ಲ. ಯುದ್ಧ ಮುಗಿದ ಮೇಲೆ ಚಿತ್ರಗಾರರು ಅವನನ್ನು ಪರದೆಗೆ ತಂದರು.

ಮೊದಲ ಚಿತ್ರ ಒಂದು ಕೋಳಿಯ ಕಥೆ. ಬಾಯಿ ಸಡಿಲ ಮಾಡಿಕೊಳ್ಳೋಣವೆಂದು ನಾನು ಅಣ್ಣನ ಕಿವಿಯಲ್ಲಿ, "ಮೂರು ಗಂಟೆಗೆ ಕೋಳಿ ಬಂತು," ಎಂದೆ. ಇಡೀ ಥಿಯೇಟರು ನನ್ನ ಕಡೆ ತಿರುಗಿತು. ವ್ಯವಸ್ಥಾಪಕಿ ಬಗ್ಗಿಕೊಂಡು ಬಂದಳು. ಆ ಜನ ಬೈಯುವುದನ್ನೂ ಕ್ಷಮೆ ಕೇಳಿಯೇ ಬೈಯುತ್ತಾರೆ. ನಮ್ಮಲ್ಲಾದರೆ ಗೇಟಿನವನು ಬ್ಯಾಟರಿ ಮುಖಕ್ಕೆ ಬಿಟ್ಟು "ಏ" ಎಂದರೆ ಮುಗಿಯಿತು. ಈಕೆ ಮೂರು ಸಲ ಕ್ಷಮೆ ಕೇಳಿ, ಇನ್ನೊಮ್ಮೆ ಮಾತಾಡಿದರೆ ನಮ್ಮನ್ನು ಹೊರಗೆ ಕಳಿಸಬೇಕಾಗುತ್ತದೆ ಎಂದಳು.

"ಇರಲಿ ಬಿಡವಾ. ಸುಮ್ಮನ ಕೂಡೋಣು," ಎಂದ ಅಣ್ಣ.

ಆ ದನಿ ಕೇಳಿ ನನಗೆ ಅಳು ಬಂತು. ಇಷ್ಟು ದೂರ ಬಂದದ್ದು ಇದಕ್ಕೇನು? ಎರಡನೆಯ ಚಿತ್ರ ಏನೆಂದು ನನಗೆ ಇಂದಿಗೂ ಗೊತ್ತಿಲ್ಲ. ತುಟಿ ಕಚ್ಚಿಕೊಂಡು ನನ್ನ ದನಿಗೆ ಶಾಪ ಹಾಕುತ್ತ ಕೂತಿದ್ದೆ.

ರೀಲು ಬದಲಿಸಲು ದೀಪ ಹಾಕಿದಾಗ ಮುಂದಿನ ಸಾಲಿನ ಒಬ್ಬ ಮುದುಕಿ ತಿರುಗಿದಳು. ತಲೆಯೆಲ್ಲ ಬೆಳ್ಳಗೆ, ಹಣೆಯವರೆಗೆ ಉಣ್ಣೆಯ ಟೋಪಿ. ಇವಳೂ ಕ್ಷಮೆ ಕೇಳುತ್ತಾಳೇನೋ ಎಂದು ನಾನು ಅಂಜಿದೆ. ಆಕೆ ಅಣ್ಣನಿಗೆ, ಈಕೆ ಆಗ ಹೇಳಿದ್ದೇನು ಎಂದು ಕೇಳಿದಳು. ಅಣ್ಣ ನಾನು ಅವನ ತಂಗಿ ಎಂದು ತಿಳಿಸಿ ತನ್ನ ಕಣ್ಣಿನ ವಿಷಯ ಹೇಳಿದ. ಆಕೆ ಪ್ರಾಗಿನಲ್ಲೇ ಹುಟ್ಟಿದವಳಂತೆ. ಕೂಡಲೇ ಎದ್ದು ನಿಂತು, ನನಗಿಂತ ಏನೂ ಕಡಿಮೆಯಿಲ್ಲದ ದನಿಯಲ್ಲಿ ವ್ಯವಸ್ಥಾಪಕಿಗೆ ಹೇಳಿದಳು:

"ಮುಂದಿನ ಚಿತ್ರದಲ್ಲಿ ಈ ಹೆಂಗಸು ಮಾತಾಡಲಿ. ಅವಳ ಭಾಷೆ ಇಲ್ಲಿ ಯಾರಿಗೂ ಬರುವುದಿಲ್ಲ. ಯಾರ ಕಥೆಯೂ ಕೆಡುವುದಿಲ್ಲ. ಆ ಸ್ಪ್ರಿಂಗಿನವನು ಬದುಕಿದ್ದೇ ಜನರ ಬಾಯಲ್ಲಿ. ನಮ್ಮಮ್ಮ ಅವನ ಕಥೆಯನ್ನು ಬಾಯಲ್ಲೇ ಹೇಳಿದ್ದು."

ವ್ಯವಸ್ಥಾಪಕಿ ಎಲ್ಲರನ್ನೂ ಕೈ ಎತ್ತಲು ಹೇಳಿದಳು. ಸಿನಿಮಾ ಹಾಲಿನಲ್ಲಿ ಮತದಾನವಾದದ್ದನ್ನು ನಾನು ಕಂಡದ್ದು ಅದೇ ಮೊದಲು. ಕೈಗಳು ಎದ್ದವು. ಗಡ್ಡದವನೊಬ್ಬ ಮಾತ್ರ ಗೊಣಗುತ್ತ ಚೀಲ ಎತ್ತಿಕೊಂಡು ಆಚೆ ಮೂಲೆಗೆ ಹೋಗಿ ಕೂತ. ಅವನದೂ ತಪ್ಪಲ್ಲ, ಅವನೂ ದುಡ್ಡು ಕೊಟ್ಟು ಬಂದವನು.

ದೀಪ ಆರಿತು. ಪರದೆಯ ಮೇಲೆ ಕಪ್ಪು ಬಿಳುಪಿನ ಊರು, ಹೊಗೆಕೊಳವೆಗಳು, ಅವುಗಳ ನಡುವೆ ಅವನು!

ಮೊದಲ ಜಿಗಿತಕ್ಕೇ ನಾನು ಪಿಸುಮಾತು ಬಿಟ್ಟುಕೊಟ್ಟೆ. "ಬಂದ ಅಣ್ಣಾ, ಬಂದ! ಎಂಟು ಗಂಟೆಗೆ!" ಎಂದೆ. ಆಮೇಲೆ ಬಾಯಿ ಹಳೆಯ ಕೆಲಸಕ್ಕೆ ಹೊರಳಿತು. "ಎಡಗಡೆಯ ಹೊಗೆಕೊಳವೆಯಿಂದ ಹೊರಟು, ಗಡಿಯಾರದ ಗೋಪುರದ ಮಾರ್ಗವಾಗಿ, ಬಲಗಡೆಯ ಗೋದಾಮಿಗೆ ಹೋಗುತ್ತಿದ್ದಾನೆ. ಸೈನಿಕರು ಹಿಂದೆ ಬರುತ್ತಿದ್ದಾರೆ. ಟೊಪ್ಪಿಗೆ ನೋಡಿದರೆ ಬೋಗುಣಿ ಬೋರಲು ಹಾಕಿಕೊಂಡಂತಿದೆ. ಒಬ್ಬನ ಮೇಲೊಬ್ಬ ಬಿದ್ದರು! ಕಾರಂಜಿಯೊಳಗೆ ಬಿದ್ದರು!"

ಅಣ್ಣ ನನ್ನ ಮೊಣಕೈ ಹಿಡಿದುಕೊಂಡು ಮಗುವಿನಂತೆ ಕುಣಿಯುತ್ತಿದ್ದ. "ಕಂಡತು, ಅಂಚಿನ್ಯಾಗ ಕಂಡತು! ಏನೋ ಮ್ಯಾಲೆ ಹೋತು!" ಎಂದ. ನನಗೆ ಅಷ್ಟು ಖುಷಿ ಯಾವತ್ತೂ ಆಗಿರಲಿಲ್ಲ.

ಆಗ ಅವನು ಕೇಳಿದ: "ಹುಡುಗಿ ಬಂದ್ಲೇನು? ಅಟ್ಟದ ಕಿಡಕ್ಯಾಗ?"

ನಾನು ಪರದೆಯ ಮೇಲಿನ ಒಂದೊಂದು ಕಿಟಕಿಯನ್ನೂ ಹುಡುಕಿದೆ. ಸೈನಿಕರ ದೊಡ್ಡ ಅಧಿಕಾರಿ ಮಾಳಿಗೆ ಹತ್ತುತ್ತಿದ್ದ. ಮುಖವಾಡದವನು ಅವನನ್ನು ಆಟವಾಡಿಸುತ್ತಿದ್ದ. ಕಥೆ ಮುಗಿಯಲು ಬಂದಿತ್ತು. ಅಲ್ಲಿ ಯಾವ ಹುಡುಗಿಯೂ ಇರಲಿಲ್ಲ. ಅವಳು ಬರುವುದಿಲ್ಲ, ಬರುವವಳೇ ಅಲ್ಲ ಎಂದು ನನಗೆ ಒಮ್ಮೆಲೇ ಹೊಳೆಯಿತು. ಪ್ಲಾಸ್ಟರು ಹಾಕಿಕೊಂಡು ಮಲಗಿದ್ದ ಏಳು ವರ್ಷದವಳಿಗಾಗಿ ಹತ್ತೊಂಬತ್ತು ವರ್ಷದ ಅಣ್ಣ ಅವಳನ್ನು ಸೇರಿಸಿದ್ದ. ಆಮೇಲೆ ತಾನು ಸೇರಿಸಿದ್ದನ್ನೇ ಮರೆತುಬಿಟ್ಟಿದ್ದ.

ಬಾರದ ಬಸ್ಸನ್ನು ಬಂದಿದೆ ಎಂದು ನಾನು ಒಂದು ದಿನವೂ ಹೇಳಿದವಳಲ್ಲ. ಅದು ನನ್ನ ಕೆಲಸದ ಮರ್ಯಾದೆ. ಆದರೆ ಅಣ್ಣ ಮುಖ ನನ್ನ ಕಡೆ ತಿರುಗಿಸಿಕೊಂಡು ಕಾಯುತ್ತಿದ್ದ.

"ಬಂದ್ಲು," ಎಂದೆ. "ಹನ್ನೊಂದು ಗಂಟೆಗೆ, ಅಟ್ಟದ ಕಿಟಕಿ. ಎರಡು ಜಡೆ. ಕಾಲು ಎಳೆದುಕೊಂಡು ಬರುತ್ತಿದ್ದಾಳೆ. ಬಹಳ ನೋಯುತ್ತಿದೆ ಅವಳಿಗೆ. ಚಿಲಕ ಬಿಗಿಯಾಗಿದೆ. ತೆಗೆದಳು ಅಣ್ಣಾ, ತೆಗೆದಳು!" ಹೇಳುತ್ತ ಹೇಳುತ್ತ ಸೆರಗಿನಿಂದ ಕಣ್ಣೊರೆಸಿಕೊಂಡೆ. ಅದೇ ಹೊತ್ತಿಗೆ ಇಡೀ ಥಿಯೇಟರು ಘೊಳ್ಳೆಂದು ನಕ್ಕಿತು. ಪರದೆಯ ಮೇಲೆ ಅಧಿಕಾರಿ ತಲೆಕೆಳಗಾಗಿ ಹೊಗೆಕೊಳವೆಯಲ್ಲಿ ಸಿಕ್ಕಿಕೊಂಡು ಕಾಲು ಬಡಿಯುತ್ತಿದ್ದ.

ಚಿತ್ರ ಮುಗಿದ ಮೇಲೆ ಹೊರಗಿನ ಪಡಸಾಲೆಯಲ್ಲಿ ಆ ಮುದುಕಿ ನಮ್ಮನ್ನು ಹುಡುಕಿಕೊಂಡು ಬಂದಳು. ಆಕೆ ಕೇಳಿದ್ದು ಅರ್ಥವಾಗುವಷ್ಟು ಇಂಗ್ಲಿಷು ನನಗೂ ಬರುತ್ತದೆ.

"ಅಧಿಕಾರಿ ಹೊಗೆಕೊಳವೆಯಲ್ಲಿ ಸಿಕ್ಕಿಕೊಂಡಾಗ ನಾವೆಲ್ಲ ನಕ್ಕೆವು. ನಿನ್ನ ತಂಗಿ ಅಳುತ್ತಿದ್ದಳು. ಅವಳಿಗೆ ಅಲ್ಲಿ ಕಂಡದ್ದೇನು?"

ಅಣ್ಣ ತಡೆದು ತಡೆದು, ಕಿಟಕಿ ತೆಗೆದ ಹುಡುಗಿಯನ್ನು ಕಂಡು ಅತ್ತಳು ಎಂದ. ಮುದುಕಿ ಅವನ ಕೈ ಹಿಡಿದುಕೊಂಡಳು. "ಇದರಲ್ಲಿ ಹುಡುಗಿ ಇಲ್ಲ ಮಾರಾಯ. ನಮ್ಮಮ್ಮ ಕಥೆ ಹೇಳುವಾಗ ಮುಖವಾಡದವನು ನಮಗೆ ಬೆಣ್ಣೆ ತರುತ್ತಿದ್ದ. ಆಗ ನಾವು ಬೆಣ್ಣೆ ಕಂಡು ವರ್ಷಗಳಾಗಿತ್ತು. ಈ ಚಿತ್ರ ನೋಡಿದಾಗಲೆಲ್ಲ ಇದರಲ್ಲಿ ಬೆಣ್ಣೆಯೇ ಇಲ್ಲವಲ್ಲ ಎಂದು ನನಗೆ ಸಿಟ್ಟು ಬರುತ್ತದೆ."

ನಾನು ಅಣ್ಣನ ಮುಖ ನೋಡಲಾರದೆ ನೆಲ ನೋಡುತ್ತ ನಿಂತೆ.

ಮತ್ತೆ ಬೆರ್ರಿಯೆಸಾ, ಅದರಾಚೆಗೂ

ವಾಪಸು ರೈಲಿನಲ್ಲಿ ಅಣ್ಣನಿಗೆ ಕಿಟಕಿ ಪಕ್ಕದ ಸೀಟು ಕೊಟ್ಟೆ. ಹೊರಗೆ ಇನ್ನೂ ಬಿಸಿಲಿತ್ತು. ಎಲ್ಲ ಕೆಡಿಸಿಬಿಟ್ಟೆ ಎಂದು ನಾನು ಸಾಯುವಷ್ಟು ಸಂಕಟಪಡುತ್ತಿದ್ದೆ.

"ಖರೇ ಹೇಳು ಕಮಲಾ. ಹುಡುಗಿ ಇದ್ದಿದ್ದಿಲ್ಲ?"

"ಇರಲಿಲ್ಲ ಅಣ್ಣಾ. ತಪ್ಪಾತು."

"ಒಮ್ಮಿನೂ ಬರಲಿಲ್ಲ?"

"ಒಮ್ಮಿನೂ ಇಲ್ಲ. ನೀನs ಕೂಡಿಸಿದ್ದಿ ಆಕಿನ್ನ, ನನ್ನ ಸಲುವಾಗಿ."

ಅವನು ಎರಡೂ ಅಂಗೈಯಿಂದ ಮುಖ ಉಜ್ಜಿಕೊಂಡ. ಆಮೇಲೆ ಪ್ರತಿ ಮಾತನ್ನೂ ತೂಗಿ ಇಡುವವನಂತೆ ಹೇಳಿದ.

"ಆ ಸಿನಿಮಾದಾಗ ನನಗ ಎಲ್ಲಕ್ಕಿಂತ ಚೊಲೋ ನೆನಪಿರೂದು ಆ ಹುಡುಗೀನ. ಗಡಿಯಾರದ ಗೋಪುರ ಮರತಿದ್ದೆ, ಕಾರಂಜಿ ಮರತಿದ್ದೆ, ಆ ಆಫೀಸರಂದಂತೂ ನೆನಪs ಇರಲಿಲ್ಲ. ಆಕಿ ಜಡಿ, ಆಕಿ ಕೈಯಾಗಿನ ಚಿಲಕ, ಆಕಿ ಮಾರೀ ಮ್ಯಾಲಿನ ಬೆವರು, ಈಗೂ ಅಷ್ಟೂ ಕಾಣ್ತಾವ. ನಡುವ ಬೂದಿ ಬಣ್ಣ ಇಲ್ಲ. ಆಕಿನ್ನ ನಾ ಕಣ್ಣಿಲೆ ನೋಡೇ ಇಲ್ಲಾ ಅಂದ್ರ..."

ಅಲ್ಲಿಗೆ ನಿಲ್ಲಿಸಿದ. ಅವನ ಮುಖದಲ್ಲಿ ನಗು ಸಣ್ಣಗೆ ಶುರುವಾಗಿ ಹರಡುತ್ತ ಹೋಯಿತು. ತೊಡೆ ತಟ್ಟಿಕೊಂಡ. "ಅಂದ್ರ ಕಣ್ಣಿನ ಕೂಡ ಆಕಿ ಹೋಗೂದs ಇಲ್ಲವಾ ಕಮಲಾ! ಆಕಿಗೆ ಕಣ್ಣು ಬೇಕಾಗೇ ಇಲ್ಲ!"

ನಾನು ಅತ್ತೆ, ನಕ್ಕೆ, ಎರಡೂ ಮಾಡಿದೆ. ಎದುರಿನ ಸೀಟಿನವರು ಏನು ತಿಳಿದುಕೊಂಡರೋ ದೇವರೇ ಬಲ್ಲ.

"ಮೊದಲಿಂದ ಹೇಳು," ಎಂದ ಅಣ್ಣ. "ಅವಸರ ಮಾಡಬ್ಯಾಡ. ಈ ಸಲ ಹುಡುಗೀನ್ನ ಲಗೂನ ಕರಕೊಂಡ ಬಾ."

ಹೇಳಿದೆ. ಅವನೂ ನಡುನಡುವೆ ಬಾಯಿ ಹಾಕಿದ. ಹುಡುಗಿಗೆ ಒಂದು ಕೆಂಪು ಲಂಗ ಕೊಟ್ಟೆವು. ಮುದುಕಿಯ ನೆನಪಿಗೆ ಮುಖವಾಡದವನ ಕೈಯಲ್ಲಿ ಒಂದು ಗಡಿಗೆ ಬೆಣ್ಣೆಯನ್ನೂ ಇಟ್ಟೆವು. ಸೈನಿಕರು ಬೆನ್ನು ಹತ್ತಿದರು. ನಿಲ್ದಾಣಗಳು ಬಂದವು, ಹೋದವು. ಒಂದು ಕಡೆ ರೈಲು ಬಹಳ ಹೊತ್ತು ನಿಂತಿತು, ಎಲ್ಲರೂ ಇಳಿದರು. ಪ್ರಕಟಣೆಯವನು ಏನೋ ನುಂಗಿದ. ನಾನು ಆಗ ಗೋಪುರದ ತುದಿಯಲ್ಲಿದ್ದೆ, ಗಮನ ಕೊಡಲಿಲ್ಲ. ಇಪ್ಪತ್ತೆಂಟು ವರ್ಷ ಊರಿಗೆಲ್ಲ ಬಸ್ಸು ಹಿಡಿಸಿದವಳು ನಾನು, ನಮ್ಮದೇ ನಿಲ್ದಾಣದಲ್ಲಿ ಇಳಿಯುವುದನ್ನು ಮರೆತೆ. ರೈಲು ಬಂದ ದಾರಿಗೇ ಮತ್ತೆ ಹೊರಟಾಗ ಬಿಸಿಲು ಇನ್ನೊಂದು ಮಗ್ಗುಲಿಂದ ಬೀಳತೊಡಗಿದ್ದನ್ನೂ ನೋಡಲಿಲ್ಲ.

ಅಣ್ಣನ ಫೋನು ಬಾರಿಸಿತು. ಬೆರ್ರಿಯೆಸಾದಲ್ಲಿ ಕಾರಿನೊಳಗೆ ಕೂತು ಕಾಯುತ್ತಿದ್ದ ವೈನಿಯ ದನಿ ನನಗೂ ಕೇಳಿಸಿತು. "ಎಲ್ಲಿದ್ದೀರಿ? ರೈಲು ಬಂದು ಹೋತಲ್ರೀ!"

ಅಣ್ಣ ಒಂದು ಕೈಯಿಂದ ನನಗೆ ನಿಲ್ಲಿಸಬೇಡ ಎಂದು ಸನ್ನೆ ಮಾಡಿದ.

"ಮಾಳಗಿ ಮ್ಯಾಲೆ ಅದೀವಿ," ಎಂದ. "ಹುಡುಗಿ ಇನ್ನೂ ಕಿಡಕಿ ತಗದಿಲ್ಲ. ಐದ ಮಿನಿಟ್ ತಡಿ."